ಬಡತನಕ್ಕೆ ನಾನು ಹೇಳಿಕೊಟ್ಟ ಸಭ್ಯ ಮಾತು

...ಅಥವಾ ಅದು ಗ್ರಂಥಾಲಯದ ಕೋಣೆಯಲ್ಲೇ ನಡೆದಿರಬಹುದು. ಇಲ್ಲ, ಸಾಧ್ಯವಿಲ್ಲ. ಆ ವರ್ಷ ಕೋವಿಡ್‌ನಿಂದಾಗಿ ಗ್ರಂಥಾಲಯಗಳು ಮುಚ್ಚಿದ್ದವು, ನಾವೆಲ್ಲ ಕಂಪ್ಯೂಟರ್ ಪರದೆಯ ಮೇಲೆ ಚೌಕಗಳಾಗಿ ಕೂತಿದ್ದೆವು. ಆದರೂ ಆ ಮೊದಲ ತರಗತಿಯನ್ನು ನೆನೆದಾಗಲೆಲ್ಲ ನನಗೆ ಒಂದು ಮರದ ಮೇಜು, ಅದರ ಮೇಲೆ ಅಂಗೈ ಕೆಳಗಾಗಿ ಇಟ್ಟ ನನ್ನ ಒಬ್ಬ ವಿದ್ಯಾರ್ಥಿನಿಯ ಎರಡು ಕೈ ಕಾಣುತ್ತವೆ. ಆ ದಿನ ಪರದೆಯಲ್ಲಿ ಆಕೆಯ ಕೈ ನಾನು ನೋಡಿದ್ದೇ ಇಲ್ಲ. ತಿಂಗಳುಗಳ ನಂತರ ಒಂದೇ ಒಂದು ಸಲ ನಾವು ಎದುರೆದುರು ಕೂತೆವು. ಆ ದಿನದ ಮೇಜು ಹಿಂದಕ್ಕೆ ಸರಿದು ಮೊದಲ ದಿನಕ್ಕೆ ಹೋಗಿ ನಿಂತಿರಬೇಕು. ನನ್ನ ತಲೆಯಲ್ಲಿ ಸಾಮಾನು ಹೀಗೆ ತಾನಾಗಿ ಜಾಗ ಬದಲಿಸುತ್ತದೆ. ಹಾಗಾಗಿ ಖಚಿತವಿರುವುದನ್ನು ಮೊದಲು ಹೇಳಿಬಿಡುತ್ತೇನೆ.

ಖಚಿತ: ಎರಡು ಸಾವಿರದ ಇಪ್ಪತ್ತೊಂದು. ನಾವು ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾಂಟಾ ಕ್ಲಾರಿಟಾದಲ್ಲಿದ್ದೆವು. ನನ್ನ ಗಂಡನ ಆಫೀಸು ಚಾಟ್ಸ್‌ವರ್ತ್‌ನಲ್ಲಿತ್ತು, ಆದರೆ ಆಗ ಅವರ ಆಫೀಸು ನಮ್ಮ ಮಲಗುವ ಕೋಣೆಯೇ ಆಗಿತ್ತು. ನನ್ನ ವೀಸಾ ಅವರ ವೀಸಾದ ಬಾಲ. ಸಂಬಳಕ್ಕೆ ಕೆಲಸ ಮಾಡಲು ನನಗೆ ಅನುಮತಿ ಇರಲಿಲ್ಲ. ದಾವಣಗೆರೆಯಲ್ಲಿ ಆರು ವರ್ಷ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿದವಳು ನಾನು. ಸುಮ್ಮನೆ ಕೂರಲಾಗದೆ, ಹೊಸದಾಗಿ ಬಂದವರಿಗೆ ಉಚಿತವಾಗಿ ಇಂಗ್ಲಿಷ್ ಕಲಿಸುವ ಒಂದು ಸೇವಾಸಂಸ್ಥೆಗೆ ಹೆಸರು ಕೊಟ್ಟೆ. ಅವರು ನನಗೆ ಫ್ರೆಂಚ್ ಮಾತಾಡುವವರ ಗುಂಪನ್ನು ಕೊಟ್ಟರು.

"ನನಗೆ ಫ್ರೆಂಚ್ ಬರಲ್ಲ," ಎಂದೆ.

"ಒಳ್ಳೇದಾಯ್ತು," ಎಂದಳು ಫೋನಿನಲ್ಲಿದ್ದ ಹುಡುಗಿ. "ಆಗ ಅವರು ಇಂಗ್ಲಿಷ್‌ನಲ್ಲೇ ಮಾತಾಡಬೇಕಾಗುತ್ತೆ."

ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ತರಗತಿ. ಆರು ಜನ. ಅವರಲ್ಲಿ ಇಬ್ಬರ ಮಾತು ಮಾತ್ರ ಇಲ್ಲಿ ಬರುತ್ತದೆ. ಒಬ್ಬ ಫ್ರಾನ್ಸಿನವನು, ಸ್ಯಾನ್ ಡಿಯಾಗೋದ ಸಿರಿವಂತರ ಕಡಲತಡಿಯಾದ ಲಾ ಹೋಯಾದ ಸಮುದ್ರ ಸಂಶೋಧನಾ ಕೇಂದ್ರದಲ್ಲಿ ಕಪ್ಪೆಚಿಪ್ಪುಗಳ ಮೇಲೆ ಅಧ್ಯಯನ ಮಾಡುತ್ತಿದ್ದ. ಇನ್ನೊಬ್ಬಳು ಪಶ್ಚಿಮ ಆಫ್ರಿಕಾದ ಟೋಗೊ ದೇಶದವಳು. ಅಲ್ಲಿ ಭೂಗೋಳದ ಮೇಡಂ ಆಗಿದ್ದವಳು, ಅಮೆರಿಕ ಪ್ರತಿವರ್ಷ ಚೀಟಿ ಎತ್ತಿ ಕೊಡುವ ವೀಸಾ ಸಿಕ್ಕಿ ಸ್ಯಾನ್ ಡಿಯಾಗೋಗೆ ಬಂದು, ಒಂದು ಹೋಟೆಲಿನ ಲಾಂಡ್ರಿಯಲ್ಲಿ ಹಾಸಿಗೆಯ ಬಟ್ಟೆ ಮಡಚುತ್ತಿದ್ದಳು. ವಯಸ್ಸು ನನ್ನಷ್ಟೇ, ನಲವತ್ತರ ಆಸುಪಾಸು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಇಲ್ಲಿ ಅವರ ಬಾಯಲ್ಲಿ ಬರುವುದು ನನ್ನ ಕನ್ನಡ; ಅದನ್ನೂ ಪೂರ್ತಿ ನಂಬಬೇಕಾಗಿಲ್ಲ.

ಸಂಸ್ಥೆ ಕಳಿಸಿದ ಪಾಠದ ಹಾಳೆಯ ತಲೆಬರಹ ಹಣ, ಸಿರಿತನ, ಬಡತನ. ಚೆನ್ನಾಗಿ ಇಂಗ್ಲಿಷ್ ಬರುವವರಿಗಾಗಿ ಸಿದ್ಧಪಡಿಸಿದ ಪದಪಟ್ಟಿ. ಎಡಗಡೆ ಇಂಗ್ಲಿಷ್, ಬಲಗಡೆ ಫ್ರೆಂಚ್. ಮೇಲಿನಿಂದ ಕೆಳಗೆ ಮೆಟ್ಟಿಲ ಹಾಗೆ ಜೋಡಿಸಿದ್ದರು: ಅಫ್ಲುಯೆಂಟ್ ಎಂದರೆ ತುಂಬಿ ತುಳುಕುವವರು, ಕಂಫರ್ಟಬಲ್ ಎಂದರೆ ಯಾವುದಕ್ಕೂ ತಾಪತ್ರಯ ಇಲ್ಲದವರು, ಬ್ರೋಕ್ ಎಂದರೆ ಸಂಬಳದ ದಿನದವರೆಗೆ ಕೈ ಬರಿದಾದವರು, ಎಲ್ಲಕ್ಕಿಂತ ಕೆಳಗೆ ಡೆಸ್ಟಿಟ್ಯೂಟ್, ಏನೂ ಉಳಿಯದವರು. ಪ್ರತಿಯೊಬ್ಬರೂ ಒಂದೊಂದು ಪದ ಆರಿಸಿಕೊಂಡು ತಮ್ಮ ಬಗ್ಗೆ ಒಂದು ವಾಕ್ಯ ಹೇಳಬೇಕು ಎಂದೆ. ಈಗ ಯೋಚಿಸಿದರೆ ಎಂಥ ಅಭ್ಯಾಸ ಅದು! ಆಗ ಹಾಗನಿಸಲಿಲ್ಲ.

ಕಪ್ಪೆಚಿಪ್ಪಿನವನು ಮೊದಲು ಬಾಯಿಬಿಟ್ಟ. "ಲಾ ಹೋಯಾದಲ್ಲಿ ನಾನು ಬ್ರೋಕ್. ಊರಿಗೆ ಹೋದರೆ ಅಫ್ಲುಯೆಂಟ್. ಸಂಬಳ ಮಾತ್ರ ಒಂದೇ."

"ನೀವು ಬ್ರೋಕ್ ಅಲ್ಲವೇ ಅಲ್ಲ, ಮುಸ್ಯೂ," ಎಂದಳು ಟೋಗೊದವಳು. "ನಿಮ್ಮ ಬೆನ್ನ ಹಿಂದೆ ಸಮುದ್ರ ಕಾಣ್ತಾ ಇದೆ."

"ಅದು ಚಿತ್ರ, ಮೇಡಂ. ಅದನ್ನ ತೆಗೆದರೆ ಹಿಂದೆ ಇರೋದು ನನ್ನ ಒಗೆಯದ ಬಟ್ಟೆ."

"ಹಾಗಾದ್ರೆ ನಮ್ಮ ಹೋಟೆಲಿಗೆ ಕಳಿಸಿ. ಮಡಚಿ ಕೊಡ್ತೀನಿ."

ಎಲ್ಲರೂ ನಕ್ಕರು. ತನ್ನ ಸರದಿ ಬಂದಾಗ ಆಕೆ, "ನಾನು ಲಾಟರಿ ಗೆದ್ದವಳು," ಎಂದಷ್ಟೇ ಹೇಳಿ ಮೈಕ್ ಮುಚ್ಚಿದಳು. ಆಮೇಲೆ ಮತ್ತೆ ತೆರೆದು, "ಮೇಡಂ, ನೀವು ಈ ಮೆಟ್ಟಿಲಲ್ಲಿ ಎಲ್ಲಿ ನಿಂತಿದ್ದೀರಿ?" ಎಂದು ಕೇಳಿದಳು.

"ಕಂಫರ್ಟಬಲ್," ಎಂದೆ. ನಮ್ಮ ಮನೆಯ ಬಗ್ಗೆ ಅದು ನಿಜ. ನನ್ನ ಬಗ್ಗೆ ಎಂದರೆ, ಗಂಡನ ಕಾರ್ಡಿನಲ್ಲಿ ಒಂದು ಜೊತೆ ಚಪ್ಪಲಿ ಕೊಂಡು ಸಂಜೆ ಅವರು ಕೇಳುವ ಮುಂಚೆಯೇ ವಿವರಣೆ ಕೊಡುತ್ತಿದ್ದವಳಿಗೆ ಆ ಹಾಳೆಯಲ್ಲಿ ಪದ ಇರಲಿಲ್ಲ. ಅವರು ಯಾವತ್ತೂ ಕೇಳಿದವರಲ್ಲ ಅನ್ನುವುದನ್ನೂ ಬರೆಯಬೇಕು.

ಪಾಠ ಅಲ್ಲಿಗೆ ನಿಲ್ಲಿಸಬಹುದಿತ್ತು. ನಾನು ನಿಲ್ಲಿಸಲಿಲ್ಲ. "ಈ ಪದಗಳು ಪುಸ್ತಕದಲ್ಲಿ ಸರಿ," ಎಂದೆ. "ಆದರೆ ಮರ್ಯಾದಸ್ಥರು ತಮ್ಮ ಬಗ್ಗೆ ಹೀಗೆಲ್ಲ ಹೇಳಿಕೊಳ್ಳುವುದಿಲ್ಲ. ಸ್ವಲ್ಪ ಬಿಗಿ ಇದೆ ಅನ್ನುತ್ತಾರೆ. ಸರಳವಾಗಿ ಬದುಕುತ್ತೇವೆ ಅನ್ನುತ್ತಾರೆ. ಹೇಗೋ ನಿಭಾಯಿಸುತ್ತೇವೆ ಅನ್ನುತ್ತಾರೆ." ಆ ಮೂರೂ ಮಾತುಗಳ ಇಂಗ್ಲಿಷ್ ರೂಪವನ್ನು ಪರದೆಯ ಮೇಲೆ ಟೈಪ್ ಮಾಡಿದೆ. ಆಕೆ ತಲೆ ತಗ್ಗಿಸಿ ಬರೆದುಕೊಂಡಳು. ಹೋಟೆಲಿನ ಹೆಸರಿದ್ದ ಪೆನ್ನು ಎಂದು ನೆನಪು. ಕೈಯೇ ಕಾಣದಿದ್ದಾಗ ಪೆನ್ನು ಹೇಗೆ ಕಂಡಿತೋ.

ಮರ್ಯಾದಸ್ಥರು ಅಂದರೆ ಯಾರು? ನನ್ನ ಮನಸ್ಸಿನಲ್ಲಿ ಇದ್ದದ್ದು ನನ್ನ ತಾಯಿ. ದಾವಣಗೆರೆಯಲ್ಲಿ ನನ್ನ ತಂದೆ ಗುಮಾಸ್ತರಾಗಿದ್ದ ಹತ್ತಿ ಗಿರಣಿ ಮುಚ್ಚಿದಾಗ ನನಗೆ ಎಂಟೋ ಒಂಬತ್ತೋ. ಬೀದಿಯಲ್ಲಿ ಯಾರು ಎದುರಾದರೂ ಮೊದಲು ಕೇಳುವುದು "ಊಟ ಆತಾ?" ಎಂದು. ಅದಕ್ಕೆ ಉತ್ತರ ಒಂದೇ, "ಆತು." ಆಗಿರಲಿ, ಆಗದಿರಲಿ. ಇಲ್ಲ ಎಂದರೆ ಕೇಳಿದವರು ಒಳಗೆ ಕರೆದು ತಟ್ಟೆ ಹಾಕಬೇಕಾಗುತ್ತದೆ. ಅವರ ಮನೆಯಲ್ಲೂ ಅದೇ ಗಿರಣಿಯ ಸಂಬಳ ನಿಂತಿತ್ತು. ಹಾಗಾಗಿ ಇಡೀ ಬೀದಿ ಹಸಿದು, ಇಡೀ ಬೀದಿ ಊಟ ಆತು ಎನ್ನುತ್ತಿತ್ತು. ನಮ್ಮಮ್ಮ ಇನ್ನೂ ಒಂದು ಹೆಜ್ಜೆ ಮುಂದೆ. ಬೇಳೆ, ತರಕಾರಿ ಏನೂ ಇಲ್ಲದ ದಿನ ಬಾಣಲೆಗೆ ಎರಡು ಹನಿ ಎಣ್ಣೆ ಬಿಟ್ಟು ಚಿಟಿಕೆ ಸಾಸಿವೆ ಸಿಡಿಸಿ, ಮೇಲೆ ಒಂದಿಷ್ಟು ನೀರು ಚಿಮುಕಿಸುತ್ತಿದ್ದಳು. ಚೊಂಯ್ ಎನ್ನುವ ಸದ್ದು ಪಕ್ಕದ ಮನೆಗೆ ಹೋಗಲಿ ಎಂದು. ಒಗ್ಗರಣೆ ಇತ್ತು, ಅದನ್ನು ಹಾಕಲು ಸಾರು ಇರಲಿಲ್ಲ.

ಇದು ನಾನು ಕಂಡದ್ದು ಎಂದುಕೊಂಡಿದ್ದೇನೆ.

ಕೆಲವು ವಾರಗಳ ನಂತರ, ತರಗತಿ ಮುಗಿದು ಉಳಿದ ಚೌಕಗಳೆಲ್ಲ ಕಣ್ಮರೆಯಾದ ಮೇಲೂ ಆಕೆಯದು ಉಳಿದಿತ್ತು.

"ಮೇಡಂ, ಒಂದು ಕಾಗದ ಬರೀಬೇಕು. ತರಗತಿಗಲ್ಲ, ನನಗೆ."

ಆಕೆಯ ಗರ್ಭಕೋಶದಲ್ಲಿ ಗಡ್ಡೆಗಳಿದ್ದವು. ತಿಂಗಳಲ್ಲಿ ಹದಿನೈದು ದಿನ ರಕ್ತ ಹೋಗುತ್ತಿತ್ತು. ಲಾಂಡ್ರಿಯಲ್ಲಿ ಎರಡು ಸಲ ತಲೆ ಸುತ್ತಿ ಬಿದ್ದಿದ್ದಳು. ಮತ್ತೊಮ್ಮೆ ಬಿದ್ದರೆ ಕೆಲಸ ಬಿಡಬೇಕಾಗುತ್ತದೆ ಎಂದು ಮೇಲ್ವಿಚಾರಕಿ ಹೇಳಿದ್ದಳು. ಶಸ್ತ್ರಚಿಕಿತ್ಸೆ ಮಾಡಿಸದೆ ಬೇರೆ ದಾರಿಯಿಲ್ಲ ಎಂದು ಡಾಕ್ಟರು ಹೇಳಿದ್ದರು. ಸರ್ಕಾರದ ವಿಮೆ ಸಿಗುವುದಕ್ಕೆ ಆಕೆಯ ಸಂಬಳ ಸ್ವಲ್ಪ ಹೆಚ್ಚು, ಶಸ್ತ್ರಚಿಕಿತ್ಸೆಯ ಖರ್ಚಿಗೆ ತೀರ ಕಡಿಮೆ. ಆಸ್ಪತ್ರೆಯವರು ಕೈಲಾಗದವರಿಗೆ ಉಚಿತವಾಗಿ ಮಾಡಿಕೊಡುವ ವ್ಯವಸ್ಥೆಯೊಂದಿತ್ತು. ಅದಕ್ಕೆ ಅರ್ಜಿಯ ಜೊತೆ ನಮ್ಮ ಕಷ್ಟವನ್ನು ನಮ್ಮದೇ ಮಾತಿನಲ್ಲಿ ಬರೆದು ಒಂದು ಕಾಗದ ಇಡಬೇಕು.

ಆಕೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದಿದ್ದಳು. ಅರ್ಧ ಇಂಗ್ಲಿಷ್, ಅರ್ಧ ಫ್ರೆಂಚ್. ಆಕೆ ಓದುತ್ತ ಹೋದಳು, ನಾನು ಟೈಪ್ ಮಾಡುತ್ತ ಹೋದೆ. ಆದರೆ ಕೇಳಿದ್ದನ್ನು ಕೇಳಿದ ಹಾಗೆ ಟೈಪ್ ಮಾಡಲಿಲ್ಲ. ಬೇರೊಂದು ಸಂಸಾರದ ನಡುಮನೆಯಲ್ಲಿ ಪರದೆ ಕಟ್ಟಿಕೊಂಡು ಮಲಗುವುದು, ಊರಲ್ಲಿ ಅಜ್ಜಿಯ ಹತ್ತಿರ ಬಿಟ್ಟ ಮಗಳಿಗೆ ದುಡ್ಡು ಕಳಿಸಿದ ಮೇಲೆ ಸೋಮವಾರ, ಮಂಗಳವಾರ ಬರೀ ಚಹಾ ಕುಡಿಯುವುದು, ಇಂಥವೆಲ್ಲ ಕಿವಿಯಲ್ಲಿ ಬಿದ್ದಾಗ ನನಗೆ ಮೈ ಮುದುಡಿಕೊಳ್ಳುತ್ತಿತ್ತು. ಆಸ್ಪತ್ರೆಯ ಯಾವನೋ ಗುಮಾಸ್ತ ಇದನ್ನು ಓದಬೇಕೇ? ಬೆರಳು ತಾನಾಗಿ ಬೇರೆಯದನ್ನು ಬರೆಯಿತು. ಸದ್ಯಕ್ಕೆ ಒಂದು ಸಂಸಾರದ ಜೊತೆ ಮನೆ ಹಂಚಿಕೊಂಡಿದ್ದೇನೆ. ಸರಳವಾಗಿ ಬದುಕುತ್ತೇನೆ. ಸ್ವಲ್ಪ ಬಿಗಿ ಇದ್ದರೂ ಹೇಗೋ ನಿಭಾಯಿಸುತ್ತೇನೆ. ತಮ್ಮ ಸಹಾಯ ಸಿಕ್ಕಿದರೆ ಕೃತಜ್ಞಳಾಗಿರುತ್ತೇನೆ. ಚಂದದ ಇಂಗ್ಲಿಷ್. ಬಹಳ ದಿನಗಳ ಮೇಲೆ ನನ್ನ ಕೆಲಸ ನನಗೇ ಖುಷಿ ಕೊಟ್ಟಿತ್ತು, ಅದು ಚೆನ್ನಾಗಿ ನೆನಪಿದೆ.

ಕಾಫಿ ಲೋಟ ಹಿಡಿದು ಬಂದ ನನ್ನ ಗಂಡ ಹಿಂದೆ ನಿಂತು ಪರದೆಯ ಮೇಲೆ ಕಣ್ಣಾಡಿಸಿದರು.

"ಇದ್ರಲ್ಲಿ ಕಷ್ಟ ಎಲ್ಲಿದೆ? ಗೇಟಿಗೆ ಬಣ್ಣ ಹೊಡೆಸ್ತೀವಿ ಅಂತ ಕಾಲೊನಿ ಅಸೋಸಿಯೇಷನ್‌ಗೆ ಅಪ್ಲೈ ಮಾಡಿದ್ವಲ್ಲ, ಆ ಲೆಟರ್ ಥರ ಇದೆ."

"ನಿಮಗೇನ್ರೀ ಗೊತ್ತು, ಮರ್ಯಾದೆಯಿಂದ ಕೇಳೋದು ಅಂದ್ರೆ?"

"ಗೊತ್ತಿಲ್ಲಪ್ಪ. ನಾನು ಕೋಡ್ ಬರಿಯೋನು," ಎಂದು ಅವರು ಹೋದರು.

ಈ ಮಾತು ಆಗ ನಡೆಯಿತು ಎಂದು ನಾನು. ನಡೆದೇ ಇಲ್ಲ ಎಂದು ಅವರು. ತಪ್ಪಿತಸ್ಥಳಾದ ಮೇಲೆ, ಎಚ್ಚರಿಸಿದವರೊಬ್ಬರು ಇದ್ದರು ಎಂದು ನಾನೇ ಅವರನ್ನು ತಂದು ಅಲ್ಲಿ ನಿಲ್ಲಿಸಿದ್ದರೂ ಆಶ್ಚರ್ಯವಿಲ್ಲ.

ಪೂರ್ತಿ ಕಾಗದವನ್ನು ಆಕೆಗೆ ಓದಿ ಹೇಳಿದೆ.

"ನಾನು ಬರೆದದ್ದು ತಪ್ಪಾಗಿತ್ತಾ, ಮೇಡಂ?"

"ತಪ್ಪಲ್ಲ. ಇದು ಇನ್ನೂ ಚೆನ್ನಾಗಿದೆ."

"ಚೆನ್ನಾಗಿದೆ," ಎಂದಳು. "ಕೇಳಿದ್ರೆ ನನಗೇ ಸಮಾಧಾನ ಆಗುತ್ತೆ. ಈ ಹೆಂಗಸಿಗೆ ಏನೂ ತೊಂದರೆ ಇಲ್ಲ ಅನಿಸುತ್ತೆ."

ನಕ್ಕಳು. ಅದನ್ನು ನಾನು ಹೊಗಳಿಕೆ ಎಂದು ತೆಗೆದುಕೊಂಡೆ.

ಉತ್ತರ ಬರಲು ಒಂದೂವರೆ ತಿಂಗಳಾಯಿತು. ಆಕೆ ಅದನ್ನು ಕ್ಯಾಮೆರಾದ ಮುಂದೆ ಹಿಡಿದಳು. ಸದ್ಯ ತಮಗೆ ನೆರವು ನೀಡಲಾಗುತ್ತಿಲ್ಲ. ಒಪ್ಪದಿದ್ದರೆ ಮೂವತ್ತು ದಿನದೊಳಗೆ ಇನ್ನೊಮ್ಮೆ ಬರೆದುಕೊಳ್ಳಬಹುದು. ಕಾರಣ ಇರಲಿಲ್ಲ. ಬೇರೆ ಯಾವುದೋ ದಾಖಲೆ ಕಡಿಮೆಯಾಗಿತ್ತೋ, ಆ ವರ್ಷದ ದುಡ್ಡು ಮುಗಿದಿತ್ತೋ, ನನ್ನ ಕಾಗದವನ್ನು ಯಾರೂ ತೆರೆದೇ ನೋಡಿರಲಿಲ್ಲವೋ.

"ಹೇಗೋ ನಿಭಾಯಿಸ್ತೀನಿ ಅಂತ ನಾನೇ ಬರೆದಿದ್ದೆನಲ್ಲ ಮೇಡಂ," ಎಂದಳು ಆಕೆ, ಸ್ವಲ್ಪವೂ ಕೊಂಕಿಲ್ಲದೆ. "ಅವರು ನಂಬಿದ್ರು."

ಆ ಸಂಜೆ ಊಟಕ್ಕೆ ಕೂತಾಗ ಹೇಳಿಕೊಂಡೆ. ಹನ್ನೆರಡು ವರ್ಷದ ಮಗಳು ತಟ್ಟೆಯಿಂದ ಕಣ್ಣೆತ್ತದೆ, "ಅಮ್ಮಾ, ಯು ಫಿಕ್ಸ್ಡ್ ದ ರಾಂಗ್ ಥಿಂಗ್," ಎಂದಳು. ತಿದ್ದಬಾರದ್ದನ್ನು ತಿದ್ದಿದೆ ಎಂದು. ಯಾರೂ ಅವಳನ್ನು ಗದರಲಿಲ್ಲ.

ಮುಂದಿನ ಮಂಗಳವಾರ ಆಕೆಗೆ ರಜೆ. ನಾನು ಡ್ರೈವ್ ಮಾಡಿಕೊಂಡು ಸ್ಯಾನ್ ಡಿಯಾಗೋಗೆ ಹೋದೆ. ಮೂರು ಗಂಟೆಯ ದಾರಿ. ಟ್ರಾಲಿ ಎನ್ನುವ ನಗರ ರೈಲಿನ ನಿಲ್ದಾಣದ ಪಕ್ಕದ ಪಾರ್ಕಿನಲ್ಲಿ, ಮರದ ಮೇಜಿನ ಮುಂದೆ ಆಕೆ ಮಾಸ್ಕ್ ಹಾಕಿಕೊಂಡು ಕೂತಿದ್ದಳು. ಅಂದುಕೊಂಡದ್ದಕ್ಕಿಂತ ಗಿಡ್ಡ. ಬೆರಳ ತುದಿಗಳು ಬಿಳಿಚಿ ಬಿರುಕು ಬಿಟ್ಟಿದ್ದವು. ಕೂರುತ್ತಿದ್ದಂತೆ ನನ್ನ ಬಾಯಿಂದ ತಾನಾಗಿ ಬಂದದ್ದು, ತಿಂಡಿ ಆಯಿತೇ ಎಂಬ ಪ್ರಶ್ನೆ.

"ಆಯ್ತು," ಎಂದಳು ತಕ್ಷಣ.

ನಾನು ಡಬ್ಬಿಯಲ್ಲಿ ಚಿತ್ರಾನ್ನ ಒಯ್ದಿದ್ದೆ. ಇಬ್ಬರಿಗೆ ಎಂದು ಹಾಕಿದ್ದು. ಆಕೆ ಮಾತಾಡುತ್ತ ಮಾತಾಡುತ್ತ ಕಡಲೆಬೇಳೆ ಒಂದೂ ಬಿಡದೆ ಡಬ್ಬಿ ಖಾಲಿ ಮಾಡಿದಳು. ಆಮೇಲೆ ಡಬ್ಬಿಯನ್ನೂ ನನ್ನನ್ನೂ ನೋಡಿ, "ಅಯ್ಯೋ," ಎನ್ನುವಂಥದ್ದೇನೋ ತನ್ನ ಭಾಷೆಯಲ್ಲಿ ಹೇಳಿದಳು.

"ನನ್ನದು ಆಗಿದೆ," ಎಂದೆ. ನನ್ನದೂ ಆಗಿರಲಿಲ್ಲ.

ಕಾಗದ ಹೊಸದಾಗಿ ಬರೆಯಬೇಕಿತ್ತು. ಮೊದಲು ಬರೆದಿದ್ದನ್ನೇ ಹಾಗೇ ಇಳಿಸೋಣ, ನೋಟ್‌ಬುಕ್ಕು ತೆಗೆಯಿರಿ ಎಂದೆ.

"ಆ ಹಾಳೆ ಹರಿದು ಹಾಕ್ದೆ ಮೇಡಂ. ನಿಮ್ಮದು ಚೆನ್ನಾಗಿತ್ತಲ್ಲ, ಅದಕ್ಕೆ."

"ಏನು ಬರೆದಿದ್ರಿ ಅಂತ ನೆನಪಿದೆಯಾ?"

"ಪೂರ್ತಿ ಇಲ್ಲ. ಆ ವಾರ ನನಗೆ ಬಹಳ ಹುಷಾರಿರಲಿಲ್ಲ. ನಿಮಗೆ ನೆನಪಿರಬೇಕಲ್ಲ? ನೀವು ಟೀಚರ್."

ನನಗೆ ನೆನಪಿತ್ತು. ಎಷ್ಟು ಧೈರ್ಯದಿಂದ ಹೇಳುತ್ತ ಹೋದೆ! ನಡುಮನೆಯ ಪರದೆ, ಆಕೆ ತಲೆಯಾಡಿಸಿ ಬರೆದಳು. ಎರಡು ದಿನದ ಬರೀ ಚಹಾ, ಬರೆದಳು. ಲಾಂಡ್ರಿಯಲ್ಲಿ ಬಿದ್ದದ್ದು, ಎರಡಲ್ಲ, ಈಗ ಮೂರು ಸಲ ಎಂದು ತಾನೇ ತಿದ್ದಿದಳು. "ಆಮೇಲೆ ಆ ಈರುಳ್ಳಿ," ಎಂದೆ.

ಪೆನ್ನು ನಿಂತಿತು. "ಈರುಳ್ಳಿ?"

"ಅದೇ, ಏನೂ ಅಡುಗೆ ಇಲ್ಲದ ದಿನ ನೀವು ಅರ್ಧ ಈರುಳ್ಳಿ ಹುರೀತೀರಿ. ಮನೆಯವರಿಗೆ ವಾಸನೆ ಹೋಗಲಿ, ಇವಳು ಅಡುಗೆ ಮಾಡಿಕೊಂಡಿದ್ದಾಳೆ ಅಂದ್ಕೊಳ್ಳಲಿ, ಊಟಕ್ಕೆ ಕರೆಯದೇ ಇರಲಿ ಅಂತ. ನೀವೇ ಓದಿದ್ರಿ."

ಆಕೆ ನನ್ನ ಮುಖವನ್ನೇ ನೋಡಿದಳು. ಮಾಸ್ಕ್ ಕೆಳಗಿಳಿದಿತ್ತು, ಆದರೂ ಆ ಮುಖದಲ್ಲಿ ಏನಿತ್ತೋ ಓದಲಾಗಲಿಲ್ಲ. ಒಂದು ಟ್ರಾಲಿ ಬಂದು, ನಿಂತು, ಹೋಯಿತು.

"ಇದನ್ನ ಹಾಕಿದ್ರೆ ಅವರು ಒಪ್ತಾರಾ, ಮೇಡಂ?"

"ಒಪ್ಪಬಹುದು. ಓದಿದವರಿಗೆ ತಟ್ಟುತ್ತೆ."

ಆಕೆ ಬರೆದಳು. ಆ ವಾಕ್ಯ ಇಡೀ ಕಾಗದದಲ್ಲೇ ಒಳ್ಳೆಯದಾಗಿತ್ತು. ಈ ಸಲ ನಾನು ಒಂದಕ್ಷರ ತಿದ್ದಲಿಲ್ಲ. ಆಸ್ಪತ್ರೆಯ ಕಚೇರಿ ಎರಡು ಸ್ಟಾಪ್ ಆಚೆ. ತಾನೇ ಹೋಗಿ ಕೊಟ್ಟು ಬರುತ್ತೇನೆ ಎಂದು ಎದ್ದಳು. ನಾನು ಬರುತ್ತೇನೆ ಎಂದರೆ ಬೇಡ ಎಂದಳು.

ಹಿಂದಿರುಗುವಾಗ, ಎಡಕ್ಕೆ ಸಮುದ್ರ ಸಿಗುವ ಆ ಉದ್ದನೆಯ ದಾರಿಯಲ್ಲಿ, ನನಗೆ ಏನೂ ನೆನಪಾಗಲಿಲ್ಲ. ಹೊಳೆಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಒಂದು ಅನುಮಾನ ಮಾತ್ರ ಪಕ್ಕದ ಸೀಟಿನಲ್ಲಿ ಬಂದು ಕೂತಿತು. ಆಕೆ ಈರುಳ್ಳಿಯ ಮಾತನ್ನು ಯಾವಾಗ ಹೇಳಿದ್ದಳು? ಯಾವ ವಾಕ್ಯದ ನಂತರ? ಆಕೆಯ ಧ್ವನಿಯಲ್ಲಿ ಅದನ್ನು ಕೇಳಿಸಿಕೊಳ್ಳಲು ನೋಡಿದೆ. ಪರದೆ ಕೇಳಿಸಿತು, ಚಹಾ ಕೇಳಿಸಿತು. ಈರುಳ್ಳಿ ಎಂದೊಡನೆ ಕೇಳಿಸಿದ್ದು ಬಿಸಿ ಬಾಣಲೆಗೆ ನೀರು ಬಿದ್ದ ಸದ್ದು. ಸಾಸಿವೆ ಯಾವಾಗ ಈರುಳ್ಳಿಯಾಯಿತು? ದಾವಣಗೆರೆಯ ಒಲೆ ಸ್ಯಾನ್ ಡಿಯಾಗೋದ ಮನೆಗೆ ಹೇಗೆ ಹೋಯಿತು?

ಹೆದ್ದಾರಿ ಬದಿಯ ವಿಶ್ರಾಂತಿ ತಾಣದಲ್ಲಿ ಕಾರು ನಿಲ್ಲಿಸಿ ಆಕೆಗೆ ಫೋನ್ ಮಾಡಿದೆ.

"ಕೊಟ್ಟುಬಿಟ್ಟೆ ಮೇಡಂ. ಸೀಲ್ ಹಾಕಿ ತಗೊಂಡ್ರು."

"ಆ ಈರುಳ್ಳಿ ಮಾತು... ಅದು ನಿಮ್ಮದೇ ತಾನೆ?"



"ನೀವು ಕೇಳ್ತಿರೋದು ಕಾಗದಕ್ಕೋಸ್ಕರಾನಾ ಮೇಡಂ, ನಿಮಗೋಸ್ಕರಾನಾ?"

ನಾನು ಕಾರಿನ ಕಿಟಕಿಯ ಗಾಜು ಇಳಿಸಿದೆ.

"ಕಾಗದ ಹೋಯ್ತು," ಎಂದಳು, ಸಮಾಧಾನ ಮಾಡುವವಳ ಹಾಗೆ. "ಹುಷಾರಾಗಿ ಡ್ರೈವ್ ಮಾಡಿ."

ಆ ವಾರ ಅಣ್ಣನ ಮನೆಯಲ್ಲಿದ್ದ ಅಮ್ಮನಿಗೆ ಫೋನ್ ಮಾಡಿ ಕೇಳಿದೆ: ಗಿರಣಿ ಮುಚ್ಚಿದ ವರ್ಷ ನೀನು ಖಾಲಿ ಬಾಣಲೆಗೆ ಒಗ್ಗರಣೆ ಹಾಕ್ತಿದ್ದೆಯಲ್ಲಮ್ಮ?

"ಯಾರು ಹೇಳಿದ್ರೇ ನಿಂಗೆ?" ಅಮ್ಮನ ದನಿ ಏರಿತು. "ನಮ್ಮನಿಯಾಗ ಒಂದು ದಿನಾನೂ ಅಡಿಗಿ ಇಲ್ದಂಗ ಆಗಿಲ್ಲ. ನಿಮ್ಮಪ್ಪ ಏನು ಕಡಿಮಿ ಮಾಡಿದ್ರು ನಿಮಗ? ಅಮೆರಿಕಾದಾಗ ಕುಂತು ಇಂಥವೆಲ್ಲ ಯಾರ ಮುಂದ ಹೇಳ್ಕೊಂಡು ತಿರುಗಾಕ್ಹತ್ತೀಯ?"

"ಯಾರ ಮುಂದೂ ಇಲ್ಲಮ್ಮ."

"ಊಟ ಆತಾ ನಿಂದು?"

"ಆತು."

ಅಮ್ಮ ಇಲ್ಲ ಎಂದದ್ದು ಏನನ್ನೂ ಸಾಬೀತು ಮಾಡುವುದಿಲ್ಲ. ನಡೆದಿದ್ದರೂ ಅವಳು ಇಲ್ಲ ಎನ್ನುತ್ತಿದ್ದಳು, ನಡೆಯದಿದ್ದರೂ ಇಲ್ಲ ಎನ್ನುತ್ತಿದ್ದಳು.

ಎರಡು ಶನಿವಾರ ಆಕೆ ತರಗತಿಗೆ ಬರಲಿಲ್ಲ. ಮೂರನೆಯ ಶನಿವಾರ ಫೋನ್ ಮಾಡಿದರೆ ಆ ನಂಬರ್ ಚಾಲ್ತಿಯಲ್ಲಿಲ್ಲ ಎಂದಿತು. ಕಪ್ಪೆಚಿಪ್ಪಿನವನನ್ನು ಕೇಳಿದೆ. ಅವನಿಗೂ ಗೊತ್ತಿರಲಿಲ್ಲ, "ಆಕೆ ಇಲ್ಲದೆ ನನ್ನ ಸಮುದ್ರವನ್ನು ಯಾರೂ ಗೇಲಿ ಮಾಡ್ತಿಲ್ಲ," ಎಂದ. ಸಂಸ್ಥೆಯವರು ಕಲಿಯುವವರ ವಿಳಾಸ ಯಾರಿಗೂ ಕೊಡುವುದಿಲ್ಲ. ಆಸ್ಪತ್ರೆಗೆ ಫೋನ್ ಮಾಡಿದಾಗ ನೀವು ಆಕೆಗೆ ಏನಾಗಬೇಕು ಎಂದು ಕೇಳಿದರು. ಟೀಚರ್ ಎಂದೆ. ಹೇಳಲಾಗುವುದಿಲ್ಲ ಎಂದರು, ಅದು ಸರಿಯೇ. ಆಕೆ ಕೆಲಸ ಮಾಡುತ್ತಿದ್ದ ಹೋಟೆಲು ಯಾವುದೆಂದು ನಾನು ಕೇಳಿಯೇ ಇರಲಿಲ್ಲ.

ಕಾಗದವನ್ನು ಒಪ್ಪಿದರೋ ಇಲ್ಲವೋ, ಶಸ್ತ್ರಚಿಕಿತ್ಸೆ ಆಯಿತೋ ಇಲ್ಲವೋ, ಮೊದಲನೆಯ ಸಲ ಆಗಬೇಕಾದದ್ದು ನನ್ನಿಂದ ತಪ್ಪಿತೋ ಇಲ್ಲವೋ, ಎರಡನೆಯ ಸಲ ಆಕೆಯ ಹೆಸರಿನಲ್ಲಿ ಹೋದ ಆ ವಾಕ್ಯ ಯಾರದ್ದು, ಆಕೆ ಈಗ ಎಲ್ಲಿದ್ದಾಳೆ, ಹೇಗಿದ್ದಾಳೆ, ನನಗೆ ಗೊತ್ತಿಲ್ಲ.